ಬಾಚಣಿಗೆಯ ಮೂರು ಹಲ್ಲು

ವಾರದ ರಜೆ ಬಂತೆಂದರೆ ಅವಳ ಎದೆ ಧಸಕ್ಕೆನ್ನುತ್ತಿತ್ತು. ರಜೆ ಇದ್ದದ್ದು ಮಕ್ಕಳಿಗೆ ಮಾತ್ರ. ಗಂಡನಿಗೆ ಅವತ್ತೇ ಮೈತುಂಬ ಕೆಲಸ. ಅವನು ಎಸ್ಕಲೇಟರ್ ಮೆಕ್ಯಾನಿಕ್. ಊರಿನ ಜನವೆಲ್ಲ ಮಾಲ್‌ಗೆ ನುಗ್ಗುವ ದಿನವೇ ಕಂಪನಿಯವರು ಅವನನ್ನು ಮಾಲ್‌ನ ನೆಲಮಾಳಿಗೆಯಲ್ಲಿ ಕೂರಿಸುತ್ತಿದ್ದರು, ಯಾವುದಾದರೂ ಮೆಟ್ಟಿಲು ಮುನಿಸಿಕೊಂಡರೆ ಓಡಿ ಬರಲಿ ಎಂದು. ಏಳನೆಯ ಮಹಡಿಯ ಒಂದೇ ಕೋಣೆಯ ಮನೆಯಲ್ಲಿ ಉಳಿಯುತ್ತಿದ್ದವರು ಎಂಟು ವರ್ಷದ ಮಗಳು, ನಾಲ್ಕು ವರ್ಷದ ಮಗ ಮತ್ತು ಅವಳು. ಮಗ ಎರಡು ಹೆಜ್ಜೆ ಓಡಿದರೆ ಸಾಕು, ಕೆಳಗಿನ ಮನೆಯ ಮುದುಕ ಕೋಲಿನಿಂದ ತನ್ನ ಚಾವಣಿ ಕುಟ್ಟುತ್ತಿದ್ದ. ಹೊರಗೆ ಹೋಗೋಣವೆಂದರೆ ಡಾಂಬರು ಮೆತ್ತಗಾಗುವಂಥ ಬಿಸಿಲು. ಮರದ ನೆರಳಿಲ್ಲ, ಜಗಲಿಯಿಲ್ಲ, ‘ಬಾರೇ, ಕೂತ್ಕೋ’ ಅನ್ನುವ ಒಂದು ಮನೆಯೂ ಇಲ್ಲ. ಪರದೇಶದಲ್ಲಿ ಇಬ್ಬರು ಮಕ್ಕಳನ್ನು ಕಟ್ಟಿಕೊಂಡವಳು ಕೈಯಲ್ಲಿ ಕಾಸಿಲ್ಲದೆ ತಣ್ಣಗೆ ಕೂರಬಹುದಾದ ಜಾಗ ಒಂದೇ, ಮಾಲ್.

ಇಲ್ಲಿಗೆ ಬರುವ ಮೊದಲು ಅವಳು ಆರು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದಳು. ಐವತ್ತು ಸೀಟಿನ ಬಸ್ಸಿಗೆ ತೊಂಬತ್ತು ಜನರನ್ನು ತುಂಬಿಕೊಂಡು, ಫುಟ್‌ಬೋರ್ಡಿನಲ್ಲಿ ಜೋತುಬಿದ್ದ ಕಾಲೇಜು ಹುಡುಗರನ್ನು ಒಂದೇ ನೋಟಕ್ಕೆ ಒಳಗೆ ಕಳಿಸಿದವಳು. ಗಂಡ ಈಗಲೂ ಅವಳನ್ನು ಕಂಡಕ್ಟರಮ್ಮ ಎಂದೇ ಕರೆಯುತ್ತಿದ್ದ. ಇಲ್ಲಿ ಅವಳಿಗೆ ಕೆಲಸ ಮಾಡುವ ಪರವಾನಗಿ ಇರಲಿಲ್ಲ. ಗಂಡನ ವೀಸಾದ ಬಾಲ ಹಿಡಿದು ಬಂದವಳು. “ತೊಂಬತ್ತು ಜನಕ್ಕೆ ಹಂಚ್ತಿದ್ದ ಗಂಟಲನ್ನ ಈಗ ಮೂರೇ ಜನ ತಡ್ಕೋಬೇಕಾಗಿದೆ” ಎಂದು ಅವನು ನಗುತ್ತಿದ್ದ. ಅವಳೂ ನಗುತ್ತಿದ್ದಳು. ಕೂಗುವುದನ್ನಂತೂ ಬಿಟ್ಟಿರಲಿಲ್ಲ.

ಒಂದು ತಿಂಗಳ ಹಿಂದೆ ಊಟಕ್ಕೆ ಕೂತಾಗ ಅವನು ತಟ್ಟೆಯನ್ನೇ ನೋಡುತ್ತ ಒಂದು ಮಾತು ಹೇಳಿದ್ದ.

“ಮಾಲ್‌ಗೆ ಹೋದ್ರೆ ಕಾರಂಜಿ ಪಕ್ಕದ ಎಸ್ಕಲೇಟರ್ ಹತ್ತಬೇಡಿ. ಮಕ್ಕಳನ್ನ ಲಿಫ್ಟಲ್ಲೇ ಕರ್ಕೊಂಡು ಹೋಗು.”

“ಯಾಕ್ರೀ?”

“ಮೇಲ್ಗಡೆ ಮೆಟ್ಟಿಲು ನೆಲದೊಳಗೆ ನುಗ್ಗುತ್ತಲ್ಲ, ಅಲ್ಲಿ ಹಲ್ಲಿರೋ ಒಂದು ತಟ್ಟೆ ಇರುತ್ತೆ. ನಾವು ಬಾಚಣಿಗೆ ಅಂತೀವಿ. ಅದರ ಮೂರು ಹಲ್ಲು ಒಂದೇ ಕಡೆ ಮುರಿದಿದೆ. ದೊಡ್ಡವರ ಬೂಟಿಗೆ ಏನೂ ಆಗಲ್ಲ. ಮಕ್ಕಳ ಮೆತ್ತನೆ ಚಪ್ಪಲಿ ಆದ್ರೆ ಸಂದಿಯೊಳಗೆ ಎಳ್ಕೊಂಡುಬಿಡುತ್ತೆ.”

“ಮತ್ತೆ ಅದನ್ನ ನಿಲ್ಲಿಸಿಲ್ವಾ?”

“ಸಾಮಾನು ಬರ್ಬೇಕು” ಎಂದು ಅವನು ನೀರಿನ ಲೋಟ ಎತ್ತಿಕೊಂಡ.

ಅವಳು ಮುಂದೆ ಕೇಳಲಿಲ್ಲ. ಮನೆಯ ಕುಕ್ಕರಿನ ಹಿಡಿ ಒಂದು ಎಳೆ ಅಲ್ಲಾಡಿದರೂ ಊಟ ಬಿಟ್ಟೆದ್ದು ಸ್ಕ್ರೂ ಬಿಗಿಸುವ ಮನುಷ್ಯ ಅವನು. ಹೇಳಬೇಕಾದವರಿಗೆ ಹೇಳಿರುತ್ತಾನೆ, ಬರೆಯಬೇಕಾದಲ್ಲಿ ಬರೆದಿರುತ್ತಾನೆ ಎಂದುಕೊಂಡಳು.

ಅವತ್ತು ರಿಯಾಯಿತಿ ಮಾರಾಟದ ಮೊದಲ ದಿನ. ಮಾಲ್‌ನಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಮಗಳಿಗೆ ಶಾಲೆಯ ಕಪ್ಪು ಬೂಟು ಕೊಳ್ಳಬೇಕಿತ್ತು. ಅದಕ್ಕೆ ಮುಂಚೆ ಮಕ್ಕಳು ತಮ್ಮ ಮಾಮೂಲಿ ಸುತ್ತು ಮುಗಿಸಿದರು. ಸೆಂಟಿನ ಅಂಗಡಿಯಲ್ಲಿ ಪುಕ್ಕಟೆ ಕೊಡುವ ಕಾಗದದ ಪಟ್ಟಿಗಳನ್ನು ಮೂಸಿ ಮೂಸಿ ಸೀನಿದರು. ಟಿವಿ ಅಂಗಡಿಯಲ್ಲಿ ಗೋಡೆಯಗಲದ ಪರದೆಯ ಮೇಲೆ ಈಜುವ ಮೀನುಗಳಿಗೆ ಹೆಸರಿಟ್ಟರು. ಮೈ ಒತ್ತುವ ಕುರ್ಚಿಗಳ ಮೇಲೆ ಕೂತು, ‘ನಾಣ್ಯ ಹಾಕಿ’ ಎಂದು ಕುರ್ಚಿ ಮಾತಾಡುವವರೆಗೂ ಕಾಲು ಚಾಚಿಕೊಂಡರು. ಆಟಿಕೆಯಂಗಡಿಯ ಹುಡುಗಿ ಇವರನ್ನು ಕಂಡ ಕೂಡಲೇ ಸುತ್ತುತ್ತಿದ್ದ ರೈಲಿನ ಸ್ವಿಚ್ ಆರಿಸಿದಳು. ಕಂಡಕ್ಟರಮ್ಮನಿಗೆ ಅದು ಕಾಣದೆ ಇರಲಿಲ್ಲ. ಕಂಡರೂ ಕಾಣದವಳ ಹಾಗೆ ಮಕ್ಕಳ ಕೈ ಹಿಡಿದು ಲಿಫ್ಟಿನ ಕಡೆ ನಡೆದಳು.

ಲಿಫ್ಟಿನ ಮುಂದೆ ತಳ್ಳುಗಾಡಿಗಳ ಸಾಲು. ಎರಡು ಬಾರಿ ಬಾಗಿಲು ತೆರೆದು ಎರಡು ಬಾರಿಯೂ ಜಾಗವಿಲ್ಲದೆ ಮುಚ್ಚಿತು.

“ಎಸ್ಕಲೇಟರ್ ರಿಪೇರಿ ಮಾಡೋದು ನಮ್ಮಪ್ಪ. ಹತ್ತಬಾರದೋರು ಮಾತ್ರ ನಾವು” ಎಂದಳು ಮಗಳು.

“ಅಡುಗೆಯವನ ಮಕ್ಕಳು ಉಪವಾಸ ಇದ್ದ ಹಾಗೆ. ಸುಮ್ನೆ ನಿಂತ್ಕೋ.”

“ಅಷ್ಟೊಂದು ಜನ ಹತ್ತುತಾ ಇದ್ದಾರಲ್ಲಮ್ಮ. ಅವರಿಗೆಲ್ಲ ಏನೂ ಆಗಲ್ವಾ?”

ಅವಳು ಅತ್ತ ತಿರುಗಿ ನೋಡಿದಳು. ಕಾರಂಜಿಯ ಪಕ್ಕ ಜನ ನೀರಿನಂತೆ ಮೇಲೇರುತ್ತಿದ್ದರು. ಅಡ್ಡ ಕಟ್ಟಿದ ಹಗ್ಗವಿಲ್ಲ, ಹಳದಿ ಬೋರ್ಡಿಲ್ಲ. ನಾಲ್ಕು ವಾರದಲ್ಲಿ ಸರಿಯಾಗಿರಬಹುದು ಎಂದು ತನಗೇ ಸಮಾಧಾನ ಹೇಳಿಕೊಂಡಳು. ಆದರೂ ಗಂಡ ಹತ್ತಿ ಅನ್ನುವವರೆಗೆ ಹತ್ತುವುದಿಲ್ಲ.

ಬೂಟಿನ ಅಂಗಡಿ ಇದ್ದದ್ದು ಮೊದಲ ಮಹಡಿಯಲ್ಲಿ, ಆ ಎಸ್ಕಲೇಟರ್ ಮೇಲೆ ಬಂದು ಮುಗಿಯುವ ಜಾಗದ ಎದುರಿಗೇ. ಬೂಟು ಕೊಂಡು ಡಬ್ಬಿ ಕಂಕುಳಲ್ಲಿ ಇರುಕಿಕೊಂಡು ಹೊರಬಂದಾಗ ಅವಳ ಕಣ್ಣು ತಾನಾಗಿಯೇ ಅತ್ತ ಹೋಯಿತು. ಒಬ್ಬ ಹೆಂಗಸು ಮೇಲೆ ಬರುತ್ತಿದ್ದಳು. ಎರಡು ಕೈಯಲ್ಲೂ ಚೀಲ, ಕಿವಿಗೂ ಹೆಗಲಿಗೂ ನಡುವೆ ಫೋನು. ಅವಳ ಲಂಗದ ಅಂಚು ಹಿಡಿದುಕೊಂಡು ಮೂರು ವರ್ಷದ ಮಗುವೊಂದು ಮೆಟ್ಟಿಲ ತುದಿಯಲ್ಲಿ ನಿಂತಿತ್ತು. ಕಾಲಿಗೆ ತೂತು ತೂತಿನ ಹಳದಿ ರಬ್ಬರ್ ಚಪ್ಪಲಿ.

ಹೆಂಗಸು ನೆಲಕ್ಕೆ ಕಾಲಿಟ್ಟಳು. ಮಗು ಇಡಲಿಲ್ಲ. ಚಪ್ಪಲಿಯ ಮೂತಿ ಸಂದಿಗೆ ತಾಗಿ ಮಡಿಸಿಕೊಂಡು ಒಳಗೆ ಹೋಗತೊಡಗಿತು.

“ಹೋಲ್ಡಾನ್!”

ಆರು ವರ್ಷ ಘಾಟಿಯ ತಿರುವುಗಳಲ್ಲಿ ಎಂಜಿನ್ನಿನ ಸದ್ದನ್ನು ಮೀರಿ ಡ್ರೈವರನಿಗೆ ಮುಟ್ಟುತ್ತಿದ್ದ ದನಿ ಅದು. ಮೊದಲ ಮಹಡಿ ಪೂರ್ತಿ ತಿರುಗಿ ನೋಡಿತು. ಅವಳು ಡಬ್ಬಿ ಎಸೆದು ಓಡಿದಳು. ಕೈಪಟ್ಟಿ ಕೆಳಗೆ ಹೊರಳುವ ಕಡೆ ಕೆಂಪು ಗುಂಡಿ ಇರುತ್ತದೆ ಎಂದು ಗಂಡ ಯಾವತ್ತೋ ತೋರಿಸಿದ್ದ. ಅಂಗೈಯಿಂದ ಗುದ್ದಿದಳು. ಎಸ್ಕಲೇಟರ್ ಜಗ್ಗಿ ನಿಂತಿತು. ಮೇಲಿದ್ದವರೆಲ್ಲ ಒಬ್ಬರ ಮೇಲೊಬ್ಬರು ವಾಲಿದರು. ಯಾರದೋ ಕಾಫಿ ಯಾರದೋ ಬೆನ್ನಿಗೆ ಚೆಲ್ಲಿತು. ಒಬ್ಬ ಮುದುಕ ಮಂಡಿಯೂರಿ ಬಿದ್ದ.

ಅವಳು ಯಾರನ್ನೂ ನೋಡಲಿಲ್ಲ. ಕೂತು, ಮಗುವಿನ ಹಿಮ್ಮಡಿ ಹಿಡಿದು, ಚಪ್ಪಲಿಯಿಂದ ಕಾಲನ್ನು ಹಿಂದಕ್ಕೆ ಜಾರಿಸಿದಳು. ಕಾಲು ಬಂತು. ಹೆಬ್ಬೆರಳ ಉಗುರು ಅರ್ಧ ಎದ್ದಿತ್ತು. ರಕ್ತ ಅವಳ ಮಣಿಕಟ್ಟಿನವರೆಗೂ ಇಳಿಯಿತು. ಮಗುವಿನ ತಾಯಿ ಮೊದಲು ಅವಳ ಕೈಯನ್ನೇ ಬಡಿದು ತಳ್ಳಿದಳು, ಯಾರೋ ಹುಚ್ಚಿ ತನ್ನ ಮಗುವಿನ ಕಾಲು ಎಳೆಯುತ್ತಿದ್ದಾಳೆ ಎಂದು. ಆಮೇಲೆ ಸಂದಿಯಲ್ಲಿ ಅರ್ಧ ಹೂತಿದ್ದ ಚಪ್ಪಲಿಯನ್ನು ಕಂಡಳು. ಚೀಲಗಳನ್ನು ಅಲ್ಲೇ ಬಿಟ್ಟು ಮಗುವನ್ನು ಎದೆಗೆ ಒತ್ತಿಕೊಂಡು ಪ್ರಥಮ ಚಿಕಿತ್ಸೆಯ ಕೋಣೆಯ ಕಡೆ ಓಡಿದಳು.

ಕಂಡಕ್ಟರಮ್ಮ ಬಗ್ಗಿ ನೋಡಿದಳು. ಚಪ್ಪಲಿಯ ಪಕ್ಕದಲ್ಲೇ ಮೂರು ಹಲ್ಲು ಇರಲಿಲ್ಲ. ಮುರಿದ ತುದಿಗಳು ಮಣ್ಣು ಮೆತ್ತಿಕೊಂಡು ಕಪ್ಪಾಗಿದ್ದವು.

ಕಾವಲಿನವರಿಬ್ಬರು ಬಂದರು. ಗುಂಡಿ ಒತ್ತಿದವರು ಯಾರು ಎಂಬುದೊಂದೇ ಅವರ ಪ್ರಶ್ನೆ. ಅವಳು ಕೈ ಎತ್ತಿದಳು. ಅವರ ಭಾಷೆ ಅವಳಿಗೆ ತರಕಾರಿ ಕೊಳ್ಳುವಷ್ಟು ಮಾತ್ರ ಬರುತ್ತಿತ್ತು, ಜಗಳಕ್ಕೆ ಸಾಲುತ್ತಿರಲಿಲ್ಲ. ಅಳುವ ಮಗನನ್ನು ಎತ್ತಿಕೊಂಡು, ಬೂಟಿನ ಡಬ್ಬಿ ಹಿಡಿದ ಮಗಳನ್ನು ಮುಂದೆ ಬಿಟ್ಟುಕೊಂಡು ಅವರ ಹಿಂದೆ ನಡೆದಳು.

ಶೌಚಾಲಯಗಳ ಹಿಂದಿನ ಓಣಿಯಲ್ಲಿ ಮಾಲ್‌ನ ಮ್ಯಾನೇಜರನ ಕೋಣೆ. ಮ್ಯಾನೇಜರ್ ಎಳೆವಯಸ್ಸಿನವನು, ಇಸ್ತ್ರಿ ಕೆಡದ ಅಂಗಿಯವನು. ಮಕ್ಕಳಿಗೆ ಒಂದೊಂದು ಜ್ಯೂಸ್ ಪ್ಯಾಕೆಟ್ ಕೊಟ್ಟು, ಯಾರಿಗೋ ಫೋನ್ ಮಾಡಿದ. ಹತ್ತು ನಿಮಿಷಕ್ಕೆ ಬಂದವನು ಗಂಡನ ಕಂಪನಿಯ ಸೂಪರ್‌ವೈಸರ್. ಅವನು ನಮ್ಮವನೇ, ಕನ್ನಡದವನೇ. ಗಂಡನಿಗೆ ಈ ಕೆಲಸ ಕೊಡಿಸಿದವನು. ಎರಡು ಸಲ ಮನೆಗೆ ಬಂದು ಊಟ ಮಾಡಿ, ‘ತಂಗಿ ಕೈರುಚಿ’ ಎಂದು ಬೆರಳು ಚೀಪಿದವನು. ಅವನನ್ನು ನೋಡಿ ಅವಳಿಗೆ ಅರ್ಧ ಜೀವ ಬಂತು.

“ಅಣ್ಣ, ಆ ಮಗು ಹೇಗಿದೆ?”

“ಏನಿಲ್ಲ ತಂಗಿ. ಒಂದು ಉಗುರು. ಮಕ್ಕಳು ಬೀಳ್ತವೆ, ಏಳ್ತವೆ.” ಅವನು ಕುರ್ಚಿ ಎಳೆದುಕೊಂಡು ಒಂದು ಕಾಗದ ಮುಂದಿಟ್ಟ. “ಇಲ್ಲೊಂದು ಸೈನ್ ಹಾಕ್ಬಿಡು. ಮನೆಗೆ ಹೋಗೋಣ. ನಾನೇ ಕಾರಲ್ಲಿ ಬಿಡ್ತೀನಿ.”

“ಏನಂತ ಬರೆದಿದೆ?”

“ಮಾಮೂಲಿ.”

“ಓದಿ ಹೇಳಿ ಅಣ್ಣ. ಕನ್ನಡದಲ್ಲಿ ಹೇಳಿ.”

ಅವನು ಕಾಗದ ಎತ್ತಿಕೊಂಡು, ಅವಳೇ ಹೇಳಿದಂತೆ ಬರೆದದ್ದನ್ನು ಓದಿದ. ಮಗುವಿನ ಚಪ್ಪಲಿ ಎಸ್ಕಲೇಟರಿಗೆ ತಕ್ಕುದಾಗಿರಲಿಲ್ಲ. ತಾಯಿ ಮಗುವಿನ ಕೈ ಹಿಡಿದಿರಲಿಲ್ಲ. ಯಂತ್ರ ಸುಸ್ಥಿತಿಯಲ್ಲಿತ್ತು. ನಾನು ಗಾಬರಿಯಾಗಿ ಗುಂಡಿ ಒತ್ತಿದ್ದರಿಂದ ಒಬ್ಬ ಹಿರಿಯರು ಬಿದ್ದರು, ಅದಕ್ಕೆ ವಿಷಾದಿಸುತ್ತೇನೆ. ಇಷ್ಟನ್ನೂ ಅವನು ಬೆಣ್ಣೆಯಿಂದ ಕೂದಲು ಎಳೆದಷ್ಟು ನಯವಾಗಿ ಹೇಳಿ ಮುಗಿಸಿದ.

“ಸುಸ್ಥಿತಿ ಅಂದ್ರೆ?”

“ಅಂದ್ರೆ ಚೆನ್ನಾಗಿತ್ತು ಅಂತ.”

“ಮೂರು ಹಲ್ಲಿಲ್ಲದ್ದು ಚೆನ್ನಾಗಿರೋದಾ? ನಾನು ಬಗ್ಗಿ ನೋಡಿದ್ದೀನಿ. ತಿಂಗಳಿಂದ ಮುರಿದಿದೆ ಅದು. ನಮ್ಮನೆಯವರೇ ಹೇಳಿದ್ರು. ನಮ್ಮ ಮಕ್ಕಳನ್ನ ಹತ್ತಿಸ್ಬೇಡ ಅಂದಿದ್ರು. ಕರೀರಿ ಅವರನ್ನ, ಕೇಳಿ.”

ಸೂಪರ್‌ವೈಸರ್ ಮ್ಯಾನೇಜರನ ಕಡೆ ತಿರುಗಿ ಏನೋ ಹೇಳಿದ. ಅವನು ಕಪಾಟಿನಿಂದ ಒಂದು ನೀಲಿ ಫೈಲು ತೆಗೆದುಕೊಟ್ಟ. ಸೂಪರ್‌ವೈಸರ್ ಅದನ್ನು ಬಿಡಿಸಿ ಅವಳ ಮುಂದೆ ತಿರುಗಿಸಿಟ್ಟ. ಈಗ ಅವನ ದನಿಯಲ್ಲಿ ತಂಗಿಯೂ ಇರಲಿಲ್ಲ, ಬೆಣ್ಣೆಯೂ ಇರಲಿಲ್ಲ.

“ನೋಡಮ್ಮ. ವಾರಕ್ಕೊಂದು ತಪಾಸಣೆ. ನಾಲ್ಕು ವಾರ, ನಾಲ್ಕು ಹಾಳೆ. ಬಾಚಣಿಗೆ ಅನ್ನೋ ಸಾಲಲ್ಲಿ ಸರಿ, ಸರಿ, ಸರಿ, ಸರಿ. ಕೆಳಗೆ ಯಾರ ಸೈನ್ ಇದೆ, ನೀನೇ ಹೇಳು.”

ಅವಳು ಹೇಳಬೇಕಾಗಿರಲಿಲ್ಲ. ಜ್ಯೂಸ್ ಹೀರುತ್ತ ಪಕ್ಕದಲ್ಲಿ ನಿಂತಿದ್ದ ಮಗಳು ಬಗ್ಗಿ ನೋಡಿ, “ಅಪ್ಪನ ಸೈನ್” ಎಂದಳು.

ಆ ಸಹಿಯ ಕೊನೆಯಲ್ಲಿ ಬಾಲದಂತೆ ಎಳೆಯುವ ಗೆರೆ ಅವಳಿಗೆ ಮದುವೆಯಾದ ದಿನದಿಂದ ಗೊತ್ತು. ಈಗ ಅವಳಲ್ಲಿ ಉಳಿದದ್ದು ಕೋಪವೊಂದೇ, ಕಾದ ಹೆಂಚಿನಂಥ ಕೋಪ.

ಬಾಗಿಲು ತಟ್ಟಿ ಗಂಡ ಒಳಗೆ ಬಂದ. ನೀಲಿ ಕೆಲಸದ ಬಟ್ಟೆ, ಮೊಣಕೈವರೆಗೆ ಗ್ರೀಸ್, ಸೊಂಟದಲ್ಲಿ ಬೀಗದ ಕೈಗಳ ಗೊಂಚಲು. ಅವನು ಮೊದಲು ನೋಡಿದ್ದು ಮೇಜಿನ ಮೇಲೆ ತೆರೆದಿದ್ದ ಫೈಲನ್ನು. ಆಮೇಲೆ ಹೆಂಡತಿಯ ಮಣಿಕಟ್ಟಿನ ಮೇಲೆ ಒಣಗಿದ ರಕ್ತವನ್ನು.

“ಇದು ನಿಮ್ಮ ಸೈನೇನ್ರೀ?” ಎಂದಳು.

“ಮನೆಗೆ ಹೋಗಿ ಮಾತಾಡೋಣ.”

“ಇಲ್ಲೇ ಹೇಳಿ. ಹೌದೋ ಇಲ್ವೋ?”

“ಹೌದು.”

“ಅಂದ್ರೆ ನಮ್ಮ ಮಕ್ಕಳಿಗೆ ಲಿಫ್ಟು, ಊರ ಮಕ್ಕಳಿಗೆ ಸಂದಿ. ಅಲ್ವಾ?”

ನಡುವೆ ಬಾಯಿ ಹಾಕಿದವನು ಸೂಪರ್‌ವೈಸರ್. “ಗಂಡ ಹೆಂಡ್ತಿ ಜಗಳ ಆಮೇಲೆ ಇಟ್ಕೊಳ್ಳಿ. ಈಗ ಈ ಕಾಗದಕ್ಕೆ ಸೈನ್ ಬೀಳದಿದ್ರೆ ತಪ್ಪೆಲ್ಲ ಬರೋದು ತಪಾಸಣೆ ಮಾಡಿದವನ ತಲೆಗೆ. ಅವನ ಕೆಲಸ ಹೋದ್ರೆ ನಿಮ್ಮೆಲ್ಲರ ವೀಸಾ ಹೋಗುತ್ತೆ. ಮಗಳ ಶಾಲೆ ಬಿಡಿಸ್ಬೇಕಾಗುತ್ತೆ. ನಿನ್ನ ಒಳ್ಳೇದಕ್ಕೆ ಹೇಳ್ತಿದ್ದೀನಿ ತಂಗಿ.”

“ತಂಗಿ ಅನ್ಬೇಡಿ” ಎಂದಳು ಅವಳು. “ಎರಡು ಸಲ ನನ್ನ ಕೈಯಲ್ಲಿ ಅನ್ನ ತಿಂದಿದ್ದೀರಿ. ಎರಡು ಸಲವೂ ಈ ಮಕ್ಕಳನ್ನ ತೊಡೆ ಮೇಲೆ ಕೂರಿಸ್ಕೊಂಡಿದ್ರಿ. ಆ ಮಗುವನ್ನೂ ಒಂದು ಸಲ ಕೂರಿಸ್ಕೊಂಡು ಆಮೇಲೆ ಒಂದು ಉಗುರು ಅನ್ನಿ, ನೋಡೋಣ.”

ಕಾಗದವನ್ನು ಅವನ ಕಡೆಗೇ ತಳ್ಳಿ ಎದ್ದಳು. ಮಕ್ಕಳ ಕೈ ಹಿಡಿದು ಹೊರಗೆ ಬಂದಳು. ಯಾರೂ ತಡೆಯಲಿಲ್ಲ. ಗಂಡ ಹಿಂದೆ ಬರುತ್ತಿದ್ದ ಹೆಜ್ಜೆ ಸದ್ದು ಕೇಳಿಸಿತು, ತಿರುಗಿ ನೋಡಲಿಲ್ಲ.

ಹಾಗೇ ಮನೆಗೆ ಹೋಗಿಬಿಡುತ್ತಿದ್ದಳೋ ಏನೋ. ಆದರೆ ಲಿಫ್ಟಿನಿಂದ ಕೆಳಗಿಳಿದು ಕಾರಂಜಿಯ ಪಕ್ಕಕ್ಕೆ ಬಂದಾಗ ಎಸ್ಕಲೇಟರ್ ಓಡುತ್ತಿತ್ತು. ಚಪ್ಪಲಿಯನ್ನು ಕಿತ್ತು, ನೆಲ ಒರೆಸಿ, ಮತ್ತೆ ಚಾಲೂ ಮಾಡಿದ್ದರು. ಐಸ್‌ಕ್ರೀಮ್ ಹಿಡಿದ ಎರಡು ಮಕ್ಕಳು ಅಪ್ಪನ ಕೈ ಬಿಡಿಸಿಕೊಂಡು ಅದರ ಕಡೆ ಓಡುತ್ತಿದ್ದವು.

ಅವಳು ಮಗನನ್ನು ಮಗಳ ಕೈಗೆ ಕೊಟ್ಟು ಕಾರಂಜಿಯ ಕಟ್ಟೆಯ ಮೇಲೆ ಕೂರಿಸಿದಳು. ಹೋಗಿ ಎಸ್ಕಲೇಟರಿನ ಬಾಯಿಗೆ ಅಡ್ಡ ನಿಂತಳು. ಎರಡು ಕೈಯನ್ನೂ ಎರಡು ಪಕ್ಕದ ಗಾಜಿಗೆ ಒತ್ತಿ, ಬಸ್ಸಿನ ಬಾಗಿಲಿಗೆ ಅಡ್ಡ ನಿಲ್ಲುವ ಹಾಗೆ. ಬಂದವರಿಗೆಲ್ಲ ತಲೆಯಾಡಿಸಿ ಲಿಫ್ಟಿನ ಕಡೆ ಗದ್ದ ತೋರಿಸಿದಳು. ಐಸ್‌ಕ್ರೀಮಿನ ಮಕ್ಕಳ ಅಪ್ಪ ಮೊದಲು ನಕ್ಕ. ಎರಡನೆಯ ಸಲ ನಗಲಿಲ್ಲ. ಚೀಲ ತುಂಬಿಕೊಂಡ ಹೆಂಗಸರು ಅವಳ ಭುಜ ತಳ್ಳಿದರು. ಯಾರೋ ಫೋನ್ ಎತ್ತಿ ಚಿತ್ರ ತೆಗೆಯತೊಡಗಿದರು. ಕನ್ನಡದಲ್ಲೇ ಬೈದಳು ಅವಳು. ನಿಮ್ಮ ಮಕ್ಕಳ ಕಾಲು ನಿಮಗೆ ಭಾರವಾ ಎಂದಳು. ಅರ್ಧ ಬೆಲೆಗೆ ಸಿಗುತ್ತೆ ಅಂತ ಅರ್ಧ ಬೆರಳು ಕೊಡ್ತೀರಾ ಎಂದಳು. ಒಬ್ಬರಿಗೂ ಅರ್ಥವಾಗದ ಭಾಷೆಯಲ್ಲಿ, ಎಲ್ಲರಿಗೂ ಅರ್ಥವಾಗುವ ದನಿಯಲ್ಲಿ.

ಅದೇ ಕಾವಲಿನವರು ಓಡಿ ಬಂದರು. ಒಬ್ಬ ಅವಳ ತೋಳಿಗೆ ಕೈ ಹಾಕಿದ. ಆಗ ಗಂಡ ಜನರ ನಡುವಿನಿಂದ ನುಗ್ಗಿ ಬಂದ.

“ಕೈ ತೆಗಿ” ಎಂದ ಕಾವಲಿನವನಿಗೆ, ಅವರ ಭಾಷೆಯಲ್ಲಿ. ಆಮೇಲೆ ಬಗ್ಗಿ, ಕೈಪಟ್ಟಿಯ ಬುಡದಲ್ಲಿದ್ದ ಬೀಗಕ್ಕೆ ತನ್ನ ಗೊಂಚಲಿನ ಒಂದು ಕೀ ಹಾಕಿ ತಿರುಗಿಸಿದ. ಎಸ್ಕಲೇಟರ್ ನಿಂತಿತು. ಮೇಲೆ ಹೋಗಿ ಮುಚ್ಚಳ ಎತ್ತಿ ಒಳಗಿನ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡ. ಹಳದಿ ತಡೆಗಂಬಗಳನ್ನು ತಂದು ಎರಡೂ ತುದಿಗೆ ನಿಲ್ಲಿಸಿದ. ಎಲ್ಲವನ್ನೂ ದಿನವೂ ಮಾಡುವ ಕೆಲಸದಂತೆ ಮಾಡಿದ. ಓಣಿಯ ಬಾಯಲ್ಲಿ ಸೂಪರ್‌ವೈಸರ್ ನಿಂತು ಅವನ ಹೆಸರು ಹಿಡಿದು ಕೂಗುತ್ತಿದ್ದ.

ಗಂಡ ಅವಳ ಹತ್ತಿರ ಬಂದು ನಿಂತ. ಏನಾದರೂ ಹೇಳಲಿ ಎಂದು ಕಾಯುತ್ತಿದ್ದವನ ಹಾಗೆ. ಅವಳು ಮಗನನ್ನು ಎತ್ತಿಕೊಂಡು ಬಸ್ ನಿಲ್ದಾಣದ ಕಡೆ ಹೊರಟಳು. ಅಷ್ಟು ಸುಲಭದ ಒಂದು ಕೀಲಿಯನ್ನು ಅವನು ನಾಲ್ಕು ವಾರ ಸೊಂಟಕ್ಕೆ ಕಟ್ಟಿಕೊಂಡು ತಿರುಗಿದ್ದ ಎಂಬುದೇ ಅವಳನ್ನು ಮತ್ತಷ್ಟು ಸುಡುತ್ತಿತ್ತು.

ಸಂಜೆ ಅವನು ಮನೆಗೆ ಬಂದು ಕೇಳದೆಯೇ ಎಲ್ಲ ಹೇಳಿದ. ಮೊದಲ ವಾರ ನಿಜವನ್ನೇ ಬರೆದಿದ್ದೆ. ಸೂಪರ್‌ವೈಸರ್ ಆ ಹಾಳೆ ಹರಿದ. ಮಾರಾಟದ ತಿಂಗಳು, ಕಾರಂಜಿ ಪಕ್ಕದ್ದು ನಿಂತರೆ ಮೇಲಿನ ಅಂಗಡಿಗಳಿಗೆ ಜನ ಹೋಗಲ್ಲ, ಮಾಲ್‌ನವರು ನಮ್ಮ ಕಂಪನಿಯನ್ನೇ ಬಿಡಿಸ್ತಾರೆ ಅಂದ. ಮುಂದಿನ ವಾರ ಸಾಮಾನು ಬರುತ್ತೆ, ಈ ಒಂದು ವಾರ ಸರಿ ಅಂತ ಹಾಕು ಅಂದ. ಪ್ರತಿ ವಾರವೂ ‘ಈ ಒಂದು ವಾರ’ ಅಂದ.

“ಹಾವೂ ಸಾಯಬಾರದು, ಕೋಲೂ ಮುರೀಬಾರದು ಅಂತ ನಿಮ್ಮ ಲೆಕ್ಕ” ಎಂದಳು ಅವಳು, ಪಾತ್ರೆ ತೊಳೆಯುತ್ತಲೇ. “ನನಗೆ ಹೇಳಿದ್ದಾದ್ರೂ ಯಾಕೆ? ಆ ದಿನ ನನ್ನ ಹತ್ರ ಬಾಯಿ ಬಿಟ್ಟಾಗ ನಿಮಗೆ ಎದೆ ಹಗುರಾಯ್ತು. ನಾನು ಲಿಫ್ಟ್ ಹತ್ತಿದೆ. ನನ್ನನ್ನೂ ಸೇರಿಸ್ಕೊಂಡ್ರಿ ಇದರಲ್ಲಿ. ನಾಲ್ಕು ವಾರ ನನ್ನ ಕಣ್ಣೆದುರಿಗೇ ಎಷ್ಟು ಮಕ್ಕಳು ಹತ್ತಿದ್ರು ಗೊತ್ತಾ?”

ಇದನ್ನು ಹೇಳಿದ ಮೇಲೆ ಅವಳಿಗೇ ಹೊಳೆಯಿತು. ತಾನೂ ಕೇಳಿರಲಿಲ್ಲ, ತಾನೂ ಸಾಮಾನು ಬರುತ್ತದೆ ಎಂದುಕೊಂಡು ಸುಮ್ಮನಿದ್ದಳು. ಕೋಪದ ಒಂದು ಕವಲು ಅವಳ ಕಡೆಗೇ ತಿರುಗಿತ್ತು. ಅದಕ್ಕೂ ಅವಳು ಅವನನ್ನೇ ಬೈದಳು.

ಮರುದಿನ ಬೆಳಿಗ್ಗೆ ಮಗಳು ಹೊಸ ಬೂಟು ಹಾಕಿಕೊಂಡು ಶಾಲೆಗೆ ಹೊರಟು ನಿಂತಿದ್ದಳು. ವಾರಕ್ಕೊಮ್ಮೆ ಶಾಲೆಯ ಡೈರಿಗೆ ಮನೆಯವರ ಸಹಿ ಬೇಕು. ಯಾವಾಗಲೂ ಅಪ್ಪ ಹಾಕುತ್ತಿದ್ದ. ಅವನು ಕಾಫಿ ಲೋಟ ಇಟ್ಟು, ಪೆನ್ನು ತೆಗೆದು, ಕೈ ಚಾಚಿದ. ಮಗಳು ಡೈರಿಯನ್ನು ಬೆನ್ನ ಹಿಂದೆ ಹಿಡಿದುಕೊಂಡಳು.

“ಅಮ್ಮ, ನೀನು ಹಾಕಮ್ಮ.”

“ಯಾಕೆ ಪುಟ್ಟಿ?” ಎಂದ ಅವನು.

“ನೀವು ಓದದೆ ಹಾಕ್ತೀರಲ್ಲಪ್ಪ” ಎಂದಳು ಮಗಳು. ಕುಹಕವೇನಿಲ್ಲ. ಅವಳು ಆ ಕೋಣೆಯಲ್ಲಿ ಕಂಡದ್ದನ್ನು ತನಗೆ ತಿಳಿದ ರೀತಿಯಲ್ಲಿ ಅರ್ಥ ಮಾಡಿಕೊಂಡಿದ್ದಳು. ಅಪ್ಪ ಸುಳ್ಳು ಬರೆದ ಎಂದು ಅವಳಿಗೆ ಹೊಳೆದಿರಲಿಲ್ಲ.

ಗಂಡ ಹೆಂಡತಿಯ ಮುಖ ನೋಡಿದ. ಅವಳು ಕಾಪಾಡಲಿಲ್ಲ.

“ನನ್ನ ಮುಖ ಯಾಕೆ ನೋಡ್ತೀರಿ? ಅವಳಿಗೆ ಹೇಳಿ” ಎಂದಳು.

ಅವನು ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತ. “ಓದಿದ್ದೆ ಪುಟ್ಟಿ. ಅದು ಸುಳ್ಳು ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೇ ಹಾಕಿದೆ” ಎಂದ. ಮಗಳು ಡೈರಿಯನ್ನು ಅಮ್ಮನ ಕೈಗೆ ಕೊಟ್ಟಳು. ಶಾಲೆಯ ಬಸ್ಸು ಕೆಳಗೆ ಹಾರ್ನ್ ಹೊಡೆಯಿತು. ಡೈರಿಗೆ ತಾಯಿ ಸಹಿ ಹಾಕಿದಳು.

ಅವತ್ತು ಅವನು ಕೆಲಸಕ್ಕೆ ಹೋಗಲಿಲ್ಲ. ಲಿಫ್ಟು, ಎಸ್ಕಲೇಟರುಗಳ ಮೇಲ್ವಿಚಾರಣೆ ಮಾಡುವ ಸರ್ಕಾರಿ ಕಚೇರಿಗೆ ಹೋಗಿ, ಮೂರು ತಾಸು ಸಾಲಿನಲ್ಲಿ ನಿಂತು, ನಾಲ್ಕು ವಾರದ ನಾಲ್ಕು ತಾರೀಖನ್ನೂ ಬರೆದುಕೊಟ್ಟ. ಹಾಳೆ ಹರಿದವನ ಹೆಸರು ಬರೆದ. ಸುಳ್ಳಿಗೆ ಸಹಿ ಹಾಕಿದವನ ಹೆಸರನ್ನೂ ಬರೆದ. ಬಂದು ಅದರ ನಕಲನ್ನು ಅಡುಗೆಕಟ್ಟೆಯ ಮೇಲಿಟ್ಟ. ಅವಳು ಪೂರ್ತಿ ಓದಿಸಿ ಕೇಳಿದಳು. ಚೆನ್ನಾಗಿದೆ ಅನ್ನಲಿಲ್ಲ.

ಎರಡು ದಿನಕ್ಕೆ ತಪಾಸಣೆಯವರು ಬಂದು ಮಾಲ್‌ನ ಆರು ಎಸ್ಕಲೇಟರುಗಳಿಗೂ ಬೀಗ ಜಡಿದರು. ಇನ್ನೊಂದರಲ್ಲಿ, ಏನಾದರೂ ಸಿಕ್ಕಿಕೊಂಡರೆ ತಾನಾಗಿ ನಿಲ್ಲಬೇಕಾದ ಸ್ವಿಚ್ಚನ್ನೇ ತಂತಿ ಕಟ್ಟಿ ಕೊಂದಿದ್ದರಂತೆ. ಬರದ ಸಾಮಾನು ಒಂದೇ ವಾರದಲ್ಲಿ ಬಂತು. ಸೂಪರ್‌ವೈಸರನನ್ನು ತೆಗೆದರು. ಗಂಡನನ್ನೂ ತೆಗೆದರು. ಎಸ್ಕಲೇಟರ್ ಮುಟ್ಟುವ ಅವನ ಪರವಾನಗಿಯನ್ನು ಒಂದು ವರ್ಷ ಕಸಿದುಕೊಂಡರು. ಅದು ಸರಿಯಾದ ಶಿಕ್ಷೆಯೇ ಎಂದು ಅವಳೂ ಒಪ್ಪಿದಳು. ವೀಸಾದ ಅವಧಿ ಮುಗಿಯಲು ಇನ್ನು ಹತ್ತು ದಿನ ಇದೆ ಅನ್ನುವಾಗ ಬಾಗಿಲು ಶಟರು ರಿಪೇರಿ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ಅವನಿಗೆ ಕೆಲಸ ಸಿಕ್ಕಿತು. ಕೂತ ಕಡೆ ನಿಂತ ಕಡೆ ಬೈಗುಳ ಕೇಳಿಕೊಂಡು ಅವನು ದುಡಿಯತೊಡಗಿದ.

ಆ ಮನೆಯಲ್ಲಿ ಮಾತಿಗೆ ಬರವಿರಲಿಲ್ಲ. ಉಪ್ಪು ಕೊಡಿ, ಬಾಗಿಲು ಹಾಕಿ, ಮಗುವಿಗೆ ಜ್ವರ, ಎಲ್ಲವನ್ನೂ ಅವಳು ಹೇಳುತ್ತಿದ್ದಳು. ನಗುವುದೊಂದು ನಿಂತಿತ್ತು.

ಎರಡು ತಿಂಗಳಾದ ಮೇಲೆ ಒಂದು ರಜೆಯ ದಿನ ಅವನು ಹಣ್ಣಿನ ಚೀಲ ಹಿಡಿದು ಎಲ್ಲಿಗೋ ಹೋದ. ಒಂದು ತಾಸಿಗೆ ಅದೇ ಚೀಲ ಹಿಡಿದು ಬಂದ. ಕೆನ್ನೆ ಕೆಂಪಾಗಿತ್ತು. ಮಕ್ಕಳು ನೆಲದ ಮೇಲೆ ಚಿತ್ರ ಬರೆಯುತ್ತಿದ್ದರು.

“ಆ ಮಗುವಿನ ಮನೆ ಹುಡುಕ್ಕೊಂಡು ಹೋಗಿದ್ದೆ” ಎಂದ. “ನಾನು ಯಾರು, ಏನು ಮಾಡಿದ್ದೆ ಅಂತ ಹೇಳ್ದೆ. ಆ ತಾಯಿ ಪೂರ್ತಿ ಕೇಳಿಸ್ಕೊಂಡ್ರು. ಆಮೇಲೆ ಒಂದು ಬಿಟ್ರು. ಬಾಗಿಲು ಹಾಕ್ಕೊಂಡ್ರು.”

“ಮಗು?”

“ಒಳಗೆ ಓಡಾಡ್ತಿತ್ತು. ಉಗುರು ಬರ್ತಾ ಇದೆ. ಸ್ವಲ್ಪ ಸೊಟ್ಟ.”

ಅವಳು ಅವನ ಕೆನ್ನೆಯನ್ನು ನೋಡಿದಳು. ಐದು ಬೆರಳಲ್ಲಿ ನಾಲ್ಕು ಸ್ಪಷ್ಟವಾಗಿ ಮೂಡಿದ್ದವು.

“ಸರಿಯಾಗೇ ಮಾಡಿದ್ದಾಳೆ” ಎಂದಳು. “ನಾನಾಗಿದ್ರೆ ಎರಡು ಕೊಡ್ತಿದ್ದೆ.”

ಅವನು ತಲೆಯಾಡಿಸಿದ. ಅವಳು ಎದ್ದು, ಅವನ ಕೈಯಿಂದ ಹಣ್ಣಿನ ಚೀಲ ತೆಗೆದುಕೊಂಡಳು.

“ಕೈಕಾಲು ತೊಳ್ಕೊಂಡು ಬನ್ನಿ. ಊಟಕ್ಕೆ ಹಾಕ್ತೀನಿ.”